ನಾಲ್ಕನೇ ಸೀಟಿನ ಎರಡನೇ ಡಿಸ್ಕು

ಬೊರಿವಲಿಯಿಂದ ಹೊರಡುವ ಸ್ಲೋ ಗಾಡಿಯಲ್ಲಿ ಕೂತ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ, ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸುವುದು. ನೀಲಿ ಗೆರೆಯ, ಒಗೆದು ಒಗೆದು ತೆಳುವಾದ ಕರವಸ್ತ್ರ. ಯಾರಾದರೂ ಅಲ್ಲಿ ಕೂರಲು ಬಂದರೆ ತಲೆ ಎತ್ತದೆ "ಆದ್ಮಿ ಆ ರಹಾ ಹೈ", ಕೂರುವವನು ಬರ್ತಿದ್ದಾನೆ, ಎನ್ನುತ್ತಿದ್ದರು. ಕಾಂದಿವಲಿಯಲ್ಲಿ ಗೆಳೆಯ ದಿನೇಶ ಹತ್ತುತ್ತಿದ್ದ. ಕರವಸ್ತ್ರ ಜೇಬಿಗೆ ಹೋಗುತ್ತಿತ್ತು.

ಲೋಕಲ್‌ನಲ್ಲಿ ಹೀಗೆ ಜಾಗ ಹಿಡಿಯುವುದು ಹೊಸದೇನಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ದಿನೇಶ ಮದುವೆಯಾಗಿ ಮುಲುಂಡ್‌ಗೆ ಮನೆ ಬದಲಿಸಿ, ಬೇರೆಯೇ ಲೈನಿನ ಗಾಡಿ ಹಿಡಿಯತೊಡಗಿದ ಮೇಲೂ ಇವರು ಕರವಸ್ತ್ರ ಹಾಸುವುದನ್ನು ಬಿಡಲಿಲ್ಲ. ಕಾಂದಿವಲಿ ದಾಟಿದ ಮೇಲೆ ಮಡಚಿ ಜೇಬಿಗಿಟ್ಟು, ಹತ್ತಿರ ನಿಂತವರಿಗೆ "ಬೈಠೋ" ಎನ್ನುತ್ತಿದ್ದರು. ಒಮ್ಮೆ ದಿನಾ ಬರುವ ಗುಜರಾತಿ ಹಿರಿಯರೊಬ್ಬರು ತಡೆಯಲಾರದೆ ಕೇಳಿದರು: "ರೋಜ್ ಬೋಲ್ತೇ ಹೋ ಆ ರಹಾ ಹೈ. ಕೌನ್ ಆ ರಹಾ ಹೈ ಭಾಯ್?" ಇವರು ನಕ್ಕು ಕಿಟಕಿಯ ಕಡೆ ನೋಡಿದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವೇ ಮಾಡಿದ ಹಾಡಿನ ಆಲ್ಬಮ್ಮಿನ ಕವರಿನ ಮೇಲೆ ಹೆಸರು ಹಾಕಿಸಿಕೊಳ್ಳದ ಮನುಷ್ಯನ ಹೆಸರನ್ನು ನಾನು ಪೇಪರಿನಲ್ಲಿ ಹಾಕಿದರೆ ಅವರಿಗೆ ಸೇರುವುದಿಲ್ಲ. ನಾನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು "ಏನಪಾ ಬಿ.ಎ." ಎನ್ನುತ್ತಿದ್ದರು. ಅದಕ್ಕೆ ಕಾರಣವಿದೆ. ನಮ್ಮಪ್ಪ ಅವ್ವ ಇಂಡಿ ತಾಲೂಕಿನಿಂದ ಗಾರೆ ಕೆಲಸಕ್ಕೆ ಬಂದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಹಗಲು ಕೊರಿಯರ್ ಹಂಚಿ, ಸಂಜೆ ಓದಿ, ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಬಾಗಿಲು ತೆರೆದ ಕೂಡಲೇ ಕಾಣುವ ಕಡೆ ತೂಗುಹಾಕಿದ್ದೇನೆ. ಕೆಲವರು ನಗುತ್ತಾರೆ, ನಗಲಿ. ಅಣ್ಣ ಮೊದಲ ಸಲ ನಮ್ಮ ಮನೆಗೆ ಬಂದಾಗ ಅದನ್ನು ನೋಡಿ ನಗಲಿಲ್ಲ. ಹತ್ತಿರ ಹೋಗಿ, ಕಟ್ಟು ಸ್ವಲ್ಪ ಓರೆಯಾಗಿದ್ದುದನ್ನು ಎರಡು ಬೆರಳಿಂದ ನೆಟ್ಟಗೆ ಮಾಡಿದರು.

ನೆಟ್ಟಗೆ ಮಾಡುವುದು ಅವರ ಕಸುಬು. ಕಾಲ್ಬಾದೇವಿಯ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಕೂರಿಸುವ ಕೆಲಸ. ಯಾರ ಜೊತೆ ಮಾತಾಡಿದರೂ ಕಣ್ಣು ಅವರ ಮೂಗಿನ ಮೇಲೇ ಇರುತ್ತಿತ್ತು. ಮಾತಿನ ನಡುವೆ ಕೈ ಚಾಚಿ ನನ್ನ ಕನ್ನಡಕ ತೆಗೆದು, ಕಡ್ಡಿ ಬಗ್ಗಿಸಿ, ಮತ್ತೆ ಹಾಕಿ, ಬಿಟ್ಟಲ್ಲಿಂದ ಮಾತು ಮುಂದುವರಿಸುತ್ತಿದ್ದರು. ಧಾರವಾಡದ ಮನೆತನ, ಆದರೆ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಬಾಯಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಲಗ್ನ ಯಾಕ ಆಗಲಿಲ್ಲ ಎಂದು ನಮ್ಮವ್ವ ಕೇಳಿದ್ದಕ್ಕೆ, "ಅದು ಫಾಸ್ಟ್ ಗಾಡಿ ಇತ್ತು ಕಾಕೂ, ದಹಿಸರಕ್ಕ ನಿಲ್ಲಲಿಲ್ಲ" ಎಂದಿದ್ದರು.

ಬೊರಿವಲಿಯ ಪಕ್ಕದ ದಹಿಸರದಲ್ಲಿ ಹಳಿಗೆ ಅಂಟಿಕೊಂಡಂತಿರುವ ಹಳೆಯ ಬಿಲ್ಡಿಂಗು ನಮ್ಮದು. ಕೆಳಗೆ ನಾವು, ನಮ್ಮ ತಲೆಯ ಮೇಲೆ ಅವರು. ಅಂಗಡಿಯಿಂದ ಬಂದು ಚಹಾ ಕುಡಿದ ಮೇಲೆ ಮೇಲಿನಿಂದ ಗಿಟಾರು ಶುರುವಾಗುತ್ತಿತ್ತು. ಅವರ ಬ್ಯಾಂಡಿನ ಹೆಸರು 'ನಾಲ್ಕನೇ ಸೀಟು'. ಮೂರು ಜನರ ಸೀಟಿನ ತುದಿಯಲ್ಲಿ ಅರ್ಧ ಕುಂಡೆ ಊರಿ ಕೂರುವ ನಾಲ್ಕನೆಯವನ ಜಾಗ ಅದು, ಮುಂಬಯಿಯವರಿಗೆ ಹೇಳಬೇಕಿಲ್ಲ. ಬ್ಯಾಂಡು ಹುಟ್ಟಿದ್ದೂ ಗಾಡಿಯಲ್ಲೇ. ಭಜನೆಯವರು ತಾಳ ಹಾಕುತ್ತಿದ್ದ ಬೋಗಿಯ ಇನ್ನೊಂದು ಮೂಲೆಯಲ್ಲಿ ದಿನೇಶ ತಗಡಿನ ಗೋಡೆಯ ಮೇಲೆ ಬೆರಳಿಂದ ಬಾರಿಸುತ್ತಿದ್ದನಂತೆ. ಅಣ್ಣ ಹೋಗಿ, "ಮನೀಗೆ ಬಾ, ಗ್ವಾಡಿ ಅಲ್ಲೂ ಅದಾವ" ಎಂದರಂತೆ. ದಿನೇಶ ಉಡುಪಿ ಕಡೆಯವರ ಮಗ, ಒಂದು ಬ್ಯಾಂಕಿನಲ್ಲಿ ನೌಕರಿ. ಇನ್ನಿಬ್ಬರು ಆಮೇಲೆ ಸೇರಿಕೊಂಡರು.

ಅವರ ಹಾಡುಗಳಲ್ಲಿದ್ದುದು ನಾವು ಆಡುವ ಕನ್ನಡ. ಅರ್ಧ ಹಿಂದಿ, ಕಾಲು ಮರಾಠಿ, ಉಳಿದದ್ದು ಅವರ ತಾಯಿಯದು. ದೇವನಾಗರಿಯಲ್ಲಿ ಗೀಚಿ ತರುತ್ತಿದ್ದರು, ನಾನು ಕನ್ನಡ ಲಿಪಿಯಲ್ಲಿ ಬರೆದುಕೊಡುತ್ತಿದ್ದೆ. ಮೊದಮೊದಲು ತಿದ್ದಲು ಹೋದೆ, ಬಿ.ಎ. ಅಲ್ಲವೇ. ಅವರು ಓದಿಸಿಕೊಂಡು ಕೇಳಿ ತಲೆಯಾಡಿಸಿದರು. "ಛಂದ ಬರದೀ. ಆದ್ರ ಹಿಂಗ ಯಾರೂ ಗಾಡ್ಯಾಗ ಮಾತಾಡೂದಿಲ್ಲಪಾ." ಆಮೇಲೆ ತಿದ್ದಲಿಲ್ಲ.

ರೆಕಾರ್ಡಿಂಗ್ ಆ ಕೋಣೆಯಲ್ಲೇ. ಕಿಟಕಿಗೆ ಗಾದಿ ಒರಗಿಸಿ, ಫ್ಯಾನ್ ಬಂದ್ ಮಾಡಿ, ನಾಲ್ವರೂ ಬೆವರು ಸುರಿಸುತ್ತಾ ಕೂರುತ್ತಿದ್ದರು. ಗಾದಿ ಒರಗಿಸಿದರೂ ಗಾಡಿಯ ಸದ್ದು ನಿಲ್ಲುತ್ತದೆಯೇ? ಒಂದು ಗಾಡಿ ಹೋಗಿ ಇನ್ನೊಂದು ಬರುವುದರೊಳಗೆ ಹಾಡು ಮುಗಿಯಬೇಕು. ಹಾಗಾಗಿ ಆಲ್ಬಮ್ಮಿನ ಮೊದಲ ಡಿಸ್ಕಿನ ಹಾಡುಗಳೆಲ್ಲ ಗಿಡ್ಡ, ಎಲ್ಲಕ್ಕೂ ಅವಸರ. ಕೇಳಿದವರು ಅದನ್ನೇ ಮೆಚ್ಚಿದರು, ಏನು ಜೋಶು, ಏನು ವೇಗ ಎಂದು. ಜೋಶಿನ ಹಿಂದೆ ವಿರಾರ್ ಗಾಡಿಯ ಹೆದರಿಕೆ ಇದ್ದದ್ದು ನಮಗೆ ಮಾತ್ರ ಗೊತ್ತು. ಕೆಳಗಿನಿಂದ ಅವ್ವ ಅಣ್ಣನಿಗೆ ಕೂಗಿ ಹೇಳುತ್ತಿದ್ದಳು, "ಮಾಸ್ತರ, ನಿಮ್ಮ ಗದ್ದಲದಾಗ ನನ್ನ ರೊಟ್ಟಿ ಹರದು ಹೊಂಟಾವ."

ಗಿಡ್ಡ ಹಾಡುಗಳು ಮುಗಿದ ಮೇಲೆ ಜಗಳವಾಯಿತು. ಹಾಡಿನ ಮಾತುಗಳ ಪ್ರತಿ ಕೊಡಲು ಹೋದವನು ನಾನೂ ಅಲ್ಲೇ ಇದ್ದೆ. ಅಣ್ಣನಿಗೆ ಎರಡು ಡಿಸ್ಕು ಬೇಕಿತ್ತು. ಮೊದಲನೆಯದಕ್ಕೆ 'ಹೋಗೋದು', ಎರಡನೆಯದಕ್ಕೆ 'ಬರೋದು' ಎಂದು ಹೆಸರು ಕೂಡ ಇಟ್ಟಾಗಿತ್ತು.

"ಎರಡು ಎಂಥದ್ದಕ್ಕೆ ಮಾರಾಯ?" ಎಂದ ದಿನೇಶ. "ಒಂದು ಹಾಡು ಪೂರ್ತಿ ಕೇಳುವಷ್ಟು ಸಬರ್ ಈಗ ಯಾರಿಗುಂಟು? ಇದ್ದದ್ದರಲ್ಲಿ ಒಳ್ಳೇದು ಆರಿಸಿ ಒಂದು ಮಾಡುವ. ಸಾಕು. ಡಿಸ್ಕೇ ಬೇಡ, ಮೊಬೈಲಲ್ಲಿ ಬಿಡುವ."

"ಮೊಬೈಲಿನ್ಯಾಗೂ ಬಿಡೂಣು. ಆದ್ರ ಡಿಸ್ಕ್ ಬೇಕು. ಒಂದು ಮುಗದ ಮ್ಯಾಲ ಎದ್ದು ಹೋಗಿ ಇನ್ನೊಂದು ಹಾಕಬೇಕಾಗತೈತಿ. ಎದ್ದಾಂವ ಕೇಳಾಕಂತನ ಎದ್ದಿರತಾನ."

"ಯಾರೂ ಏಳುದಿಲ್ಲ."

"ಮುಂಜಾನೆ ಹೋದಾಂವ ಸಂಜಿಗೆ ಬರಬೇಕಲ್ಲೋ ದಿನ್ಯಾ. ಹೋಗೂದಷ್ಟ ಮಾಡಿ ಬಿಟ್ರ ಹೆಂಗ? ಬರೂ ಮುಂದಿನ ಹಾಡು ಬ್ಯಾರೆ ಇರತಾವ. ಉದ್ದ ಇರತಾವ."

ದಿನೇಶನಿಗೆ ಆಗಷ್ಟೇ ಮುಲುಂಡ್‌ನಲ್ಲಿ ಮನೆಯಾಗಿತ್ತು. ಇಲ್ಲಿಗೆ ಬಂದು ಹೋಗುವುದೇ ಅರ್ಧ ದಿನದ ಕೆಲಸವಾಗಿತ್ತು. ಡ್ರಮ್ಮಿನ ಕೋಲುಗಳನ್ನು ಬ್ಯಾಗಿಗೆ ಹಾಕಿಕೊಂಡು ಎದ್ದು ನಿಂತ. "ಹಾಗಾದ್ರೆ ನೀನೊಬ್ಬನೇ ಬಾ" ಎಂದು ಹೇಳಿ ಮೆಟ್ಟಿಲಿಳಿದು ಹೋದ. ಉಳಿದಿಬ್ಬರೂ ಒಂದೆರಡು ತಿಂಗಳು ಬಂದರು. ಆಮೇಲೆ ಒಬ್ಬನಿಗೆ ಪುಣೆಗೆ ವರ್ಗವಾಯಿತು, ಇನ್ನೊಬ್ಬ ಫೋನ್ ಎತ್ತುವುದನ್ನು ಬಿಟ್ಟ.

ಅಣ್ಣ ನಿಜವಾಗಿಯೂ ಒಬ್ಬರೇ ಬರಲು ಶುರುಮಾಡಿದರು, 'ಬರೋದು' ಡಿಸ್ಕಿನ ಹಾಡುಗಳಿಗೆ ಒಬ್ಬರೇ ಕೂತರು.

ಉದ್ದದ ಹಾಡಿಗೆ ಉದ್ದದ ಮೌನ ಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ ಮೆಗಾ ಬ್ಲಾಕು. ಭಾನುವಾರ ಹಳಿ ರಿಪೇರಿಗೆಂದು ಹಗಲು ಹೊತ್ತು ಗಾಡಿ ನಿಲ್ಲಿಸುತ್ತಾರಲ್ಲ, ಇಡೀ ಮುಂಬಯಿ ಶಾಪ ಹಾಕುತ್ತದಲ್ಲ, ಅದೇ. ನಮ್ಮ ಕಡೆಯ ಹಳಿಗೆ ಬ್ಲಾಕ್ ಬಿತ್ತೆಂದರೆ ಅಣ್ಣನಿಗೆ ಹಬ್ಬ. ಶನಿವಾರ ಪೇಪರು ನೋಡಿ, "ಬಿ.ಎ., ನಾಳೆ ನಮ್ಮ ಬ್ಲಾಕ್ ಐತಿ" ಎನ್ನುವಾಗ ಮುಖ ನೋಡಬೇಕಿತ್ತು. ಗಾಡಿ ನಿಂತ ಮೇಲೆ ನಮ್ಮ ಓಣಿ ಬೇರೆ ಊರಾಗುತ್ತಿತ್ತು. ಕಾಗೆಯ ಸದ್ದು, ಯಾರದೋ ಮನೆಯ ಬಕೆಟ್ಟು, ಹಳಿಯ ಮೇಲೆ ಕೆಲಸದವರು ಹೊಡೆಯುವ ಸುತ್ತಿಗೆ. ಅದರ ನಡುವೆ ಅವರೊಬ್ಬರೇ ಮೊದಲು ಗಿಟಾರು, ಮುಂದಿನ ಬ್ಲಾಕಿಗೆ ಅದರ ಮೇಲೆ ಇನ್ನೊಂದು ಗಿಟಾರು, ಮತ್ತೊಂದು ಬ್ಲಾಕಿಗೆ ದನಿ, ಹೀಗೆ ಪದರ ಪದರವಾಗಿ ಕೂರಿಸುತ್ತಿದ್ದರು. ಬ್ಲಾಕ್ ಇಲ್ಲದ ಭಾನುವಾರ ಸುಮ್ಮನೆ ಕಿಟಕಿಯಲ್ಲಿ ಕೂತಿರುತ್ತಿದ್ದರು. ಒಂದು ಹಾಡಿಗೆ ಕೆಲವೊಮ್ಮೆ ಇಡೀ ಮಳೆಗಾಲ ಹಿಡಿಯುತ್ತಿತ್ತು.

ಡ್ರಮ್ ಬಾರಿಸುವವರು ಇರಲಿಲ್ಲ. ಬೇರೆ ಯಾರನ್ನಾದರೂ ಕರೆಯಬಹುದಲ್ಲ ಎಂದು ಒಮ್ಮೆ ಕೇಳಿದೆ. "ಬ್ಯಾಡ" ಎಂದರು, ಅಷ್ಟೇ.

ಒಂದು ಬ್ಲಾಕಿನ ಭಾನುವಾರ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತರು. ಅವ್ವ ಖಾನಾವಳಿಗೆ ಕೊಡುವ ರೊಟ್ಟಿ ಬಡಿಯುತ್ತಿದ್ದಳು. ನಮ್ಮವ್ವ ರೊಟ್ಟಿ ಬಡಿದರೆ ಗೋಡೆಯ ಆಚೆಯವರಿಗೂ ಕೇಳುತ್ತದೆ.

"ಕಾಕೂ, ನಿಮ್ಮ ಸಪ್ಪಳ ನನ್ನ ರೆಕಾರ್ಡಿನ್ಯಾಗ ಬರಾಕತ್ತೈತಿ."

"ಹಂಗಾರ ನಿಲ್ಲಸ್ಲೇನು?"

"ನಿಲ್ಲಸಬ್ಯಾಡ್ರಿ. ಹಿಂಗ ನಡೀಲಿ."

ಮೈಕು ತಂದು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟರು. ಅವ್ವ ಅದನ್ನು ನೋಡಿ, "ಇದರಾಗ ಏನ್ ಮಾತಾಡ್ಲಿ?" ಎಂದಳು. ಏನೂ ಮಾತಾಡಬೇಡಿ, ನಾನು ಇಲ್ಲಿಲ್ಲ ಅಂತ ತಿಳಿದುಕೊಳ್ಳಿ ಎಂದರು. ಅವ್ವ ಮಾತಾಡಲಿಲ್ಲ, ಆದರೆ ಆ ದಿನದ ರೊಟ್ಟಿ ಎಂದಿಗಿಂತ ದೊಡ್ಡವಾದವು.

ಹೀಗೆ ಎರಡನೇ ಡಿಸ್ಕು ಆಯಿತು. ಎಷ್ಟು ಭಾನುವಾರ ಹಿಡಿಯಿತೆಂದು ನಾನು ಲೆಕ್ಕ ಇಡಲಿಲ್ಲ. ನಾನು ಗುಮಾಸ್ತನಾಗಿ ಸೇರಿದ ಆಫೀಸಿನಲ್ಲಿ ಖಾಯಂ ಆದದ್ದೂ ಅದೇ ಅವಧಿಯಲ್ಲಿ.

ಬಿಡುಗಡೆ ಒಂದು ಕನ್ನಡ ಸಂಘದ ಹಾಲ್‌ನಲ್ಲಿ ನಡೆಯಿತು. ಶಾಲು, ತೆಂಗಿನಕಾಯಿ, ಅಧ್ಯಕ್ಷರ ಭಾಷಣ. ರಾಕ್ ಎಂದರೇನೆಂದು ಅಧ್ಯಕ್ಷರು ಸಾಕಷ್ಟು ಹೊತ್ತು ವಿವರಿಸಿದರು, ಅವರಿಗೂ ಆಗ ತಾನೇ ಗೊತ್ತಾಗುತ್ತಿದ್ದಂತೆ ಕಾಣುತ್ತಿತ್ತು. ದಿನೇಶ ಬಂದಿದ್ದ. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ನಿಂತಿದ್ದ. ದೊಡ್ಡ ಸ್ಪೀಕರಿನಲ್ಲಿ ಮೊದಲ ಡಿಸ್ಕು ಹಾಕಿದರು. ಹುಡುಗರು ಚಪ್ಪಾಳೆ ತಟ್ಟಿದರು. ದಿನೇಶನ ಡ್ರಮ್ಮು ಬಂದಾಗಲೆಲ್ಲ ಅಣ್ಣ ತಿರುಗಿ ಬಾಗಿಲ ಕಡೆ ನೋಡುತ್ತಿದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಚೆನ್ನಾಗಿತ್ತು. ಕೊನೆಗೆ ಒಂದು ದಾಸರ ಪದ ಆಗಿಬಿಡಲಿ" ಎಂದರು.

ಎರಡನೇ ಡಿಸ್ಕು ಹಾಕಬೇಕೆನ್ನುವಷ್ಟರಲ್ಲಿ ಹಾಲ್‌ನ ಮ್ಯಾನೇಜರ್ ಬಂದು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದ. ಸಂಜೆ ಯಾರದೋ ನಿಶ್ಚಿತಾರ್ಥವಂತೆ, ಹೂವಿನವರು ಹೊರಗೆ ಕಾಯುತ್ತಿದ್ದರು. "ಎರಡನೆಯದನ್ನು ಎಲ್ಲರೂ ಮನೆಯಲ್ಲಿ ಕೇಳಿ ಆನಂದಿಸಬೇಕು" ಎಂದು ಅಧ್ಯಕ್ಷರು ಸಭೆ ಮುಗಿಸಿದರು. ಅಣ್ಣ ಡಿಸ್ಕು ಕೈಯಲ್ಲಿ ಹಿಡಿದುಕೊಂಡೇ ವೇದಿಕೆಯ ಮೆಟ್ಟಿಲಿಳಿದು ಬಂದರು. ಅಷ್ಟರಲ್ಲಿ ಬಾಗಿಲ ಹತ್ತಿರ ದಿನೇಶ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ಅವರು ಸಿಕ್ಕವರಿಗೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಎರಡನೇದು ಕೇಳಿದ್ರೇನ್ರಿ?" ಮೊದಲನೆಯದು ಮಸ್ತ್ ಇದೆ ಎನ್ನುತ್ತಿದ್ದರು ಎಲ್ಲರೂ. ಇಂಟರ್‌ನೆಟ್ಟಿನಲ್ಲಿ ಒಬ್ಬ ಹುಡುಗ ಆಲ್ಬಮ್ಮಿನ ಬಗ್ಗೆ ಬರೆದಿದ್ದ. ಅಣ್ಣನಿಗೆ ಕನ್ನಡ ಓದಲು ಬಾರದು, ಗಾಡಿಯಲ್ಲಿ ನಾನೇ ಓದಿ ಹೇಳಿದೆ. ಮೊದಲನೆಯದು ಖಡಕ್. ಎರಡನೆಯದು ಅರ್ಧಕ್ಕೆ ಬಿಟ್ಟ ಕೆಲಸದ ಹಾಗಿದೆ, ಡ್ರಮ್ಮೇ ಇಲ್ಲ, ಕೊನೆಯ ಹಾಡಿನಲ್ಲಂತೂ ನಡುವೆ ಸದ್ದೇ ನಿಂತುಹೋಗುತ್ತದೆ, ರೆಕಾರ್ಡಿಂಗ್ ದೋಷ, ಇಷ್ಟೂ ಗಮನಿಸದೆ ಮಾರುಕಟ್ಟೆಗೆ ಬಿಡಬಾರದು. ಅಣ್ಣ ಕಣ್ಣರಳಿಸಿ ನನ್ನ ಕಡೆ ತಿರುಗಿದರು.

"ಕೊನೇ ಹಾಡು ಅಂದಾನೇನು?"

"ಹೂಂ, ಅಣ್ಣ."

"ಹಂಗಾರ ಕೊನೀತನಕ ಕೇಳ್ಯಾನ."

ಮಲಾಡ್ ಬರುವವರೆಗೆ ಅವರ ಮುಖದ ಮೇಲಿನ ನಗು ಹೋಗಲಿಲ್ಲ.

ಆ ಉಮೇದಿನಲ್ಲೇ ಒಂದು ಯೋಜನೆ ಹಾಕಿದರು. ಎಲ್ಲರನ್ನೂ ಮನೆಗೆ ಕರೆದು ಎರಡೂ ಡಿಸ್ಕು ಒಂದೇ ಕೂತಿಗೆ ಕೇಳಿಸುವುದು. ಗಾಡಿಯ ಗದ್ದಲ ಇರಬಾರದು. ಹಾಗಾಗಿ ಬರುವ ಮೆಗಾ ಬ್ಲಾಕಿನ ಭಾನುವಾರ. ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿದರು. ದಿನೇಶನಿಗೆ ಮಾಡುವಾಗ ಹೊರಗಿನ ಗ್ಯಾಲರಿಗೆ ಹೋಗಿ ಮಾಡಿದರು. ಒಳಗೆ ಬಂದು "ಬರ್ತೀನಿ ಅಂದಾನ" ಎಂದರು. ಸೊಸೈಟಿಯ ಕುರ್ಚಿಗಳನ್ನು ನಾನೇ ಮೇಲೆ ಹೊತ್ತೆ. ಅವ್ವ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಮಾಡಿ ಬುಟ್ಟಿಗೆ ತುಂಬಿದಳು.

ಭಾನುವಾರ ಓಣಿ ಎಂದಿನಂತೆ ಸುಮ್ಮನಾಯಿತು. ಕುರ್ಚಿಗಳೂ ಸುಮ್ಮನೆ ಇದ್ದವು. ಒಬ್ಬೊಬ್ಬರದಾಗಿ ಫೋನ್ ಬರತೊಡಗಿತು. ದಿನೇಶ ಮಾಡಿದಾಗ ಅಣ್ಣ ಸ್ಪೀಕರ್‌ನಲ್ಲಿ ಹಾಕಿದರು. "ಬ್ಲಾಕ್ ಉಂಟಲ್ಲ ಮಾರಾಯ, ನಮ್ಮ ಲೈನಿಗೂ ಉಂಟು, ನಿಮ್ಮ ಲೈನಿಗೂ ಉಂಟು. ಹೇಗೆ ಬರುವುದು? ಬೇರೆ ದಿನ ಸಿಗಲಿಲ್ವಾ ನಿನಗೆ?"

ಅಣ್ಣ ಫೋನ್ ಇಟ್ಟು, ಹಣೆ ಹಿಡಿದುಕೊಂಡು, ಬಿದ್ದು ಬಿದ್ದು ನಗತೊಡಗಿದರು. ನನಗೂ ನಗು ಬಂತು. ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ ಅದು. "ನಾ ಹಳಿ ನೋಡಿದ್ನೆಪಾ ಬಿ.ಎ.," ಎಂದರು ನಗು ನಿಂತ ಮೇಲೆ, "ಮಂದೀನ ನೋಡ್ಲಿಲ್ಲ."

ಕೊನೆಗೆ ನಾನು ಮತ್ತು ಅವ್ವ ಕೂತೆವು. ಅವರು ಮೊದಲ ಡಿಸ್ಕು ಪೂರ್ತಿ ಹಾಕಿದರು. ಮುಗಿದ ಮೇಲೆ ಎದ್ದು ಹೋಗಿ, ಎರಡನೆಯದನ್ನು ಅಂಗಿಯ ಚುಂಗಿನಿಂದ ಒರೆಸಿ ಹಾಕಿದರು. ಮೂರನೆಯ ಹಾಡಿರಬೇಕು, ಅವ್ವ ನನ್ನ ಮೊಣಕೈ ಹಿಡಿದಳು. "ಇದು ನಂದಲ್ಲೇನು?"

"ನಿಮ್ಮದ ಕಾಕೂ."

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಹಿರಿಯರ ಮುಂದೆ ಕೂತ ಹಾಗೆ ನೆಟ್ಟಗೆ ಕೂತಳು. ಮುಗಿಯುವವರೆಗೂ ಅಲುಗಲಿಲ್ಲ.

ಕೊನೆಯ ಹಾಡು ಬಂತು. ನಿಧಾನದ ಹಾಡು, ಖಾಲಿ ಬೋಗಿಯಲ್ಲಿ ಕೂತು ಮನೆಗೆ ಮರಳುವವನದು. ಅದರಲ್ಲಿ ರೊಟ್ಟಿಯ ಸದ್ದಿಲ್ಲ, ಗಿಟಾರು ಮತ್ತು ದನಿ ಅಷ್ಟೇ. ನಡುವೆ ಒಂದು ಕಡೆ ಎರಡೂ ನಿಂತವು. ಆ ಹುಡುಗ ಬರೆದದ್ದು ಸುಳ್ಳಲ್ಲ. ಏನೂ ಇಲ್ಲ. ಹೊರಗೆ ಕಾಗೆ ಕೂಗಿದ್ದು ಕೇಳಿಸಿತು. ನಾನು ಮೆಷಿನ್ ಕೆಟ್ಟಿತೇ ಎಂದು ಎದ್ದೆ.

"ಕೂಡು," ಎಂದರು ಅಣ್ಣ, ತಲೆ ಎತ್ತದೆ. "ಆ ರಹಾ ಹೈ."

ಗಿಟಾರು ಮತ್ತೆ ಬಂತು. ಹಾಡು ಮುಗಿಯಿತು. ಅವ್ವ ಬುಟ್ಟಿ ಬಿಚ್ಚಿದಳು. ಮೂವರಿಗೆ ಆಗಿ ಬಹಳ ಉಳಿಯಿತು.

ಕಳೆದ ದೀಪಾವಳಿಗೆ ಸ್ವಲ್ಪ ಮುಂಚೆ ಅಣ್ಣ ಅಂಗಡಿಯಲ್ಲೇ, ಕೆಲಸದ ಸ್ಟೂಲಿನ ಮೇಲೆ ಕೂತಲ್ಲೇ ಹೋಗಿಬಿಟ್ಟರು. ಹೃದಯ ಎಂದರು. ಸ್ಮಶಾನಕ್ಕೆ ದಿನೇಶ ಬಂದಿದ್ದ. ಹುಬ್ಬಳ್ಳಿಯಿಂದ ಅವರ ದೊಡ್ಡಪ್ಪನ ಮಗ ಬಂದು ಕೋಣೆ ಖಾಲಿ ಮಾಡಿದರು. ಗಿಟಾರನ್ನು ಒಯ್ದರು. ಮಾರಾಟವಾಗದೆ ಉಳಿದ ಆಲ್ಬಮ್ಮುಗಳ ರಟ್ಟಿನ ಖೋಕೆಯನ್ನೂ ಹಳೆಯ ಪ್ಲೇಯರನ್ನೂ ನಮ್ಮ ಬಾಗಿಲಿಗೆ ತಂದಿಟ್ಟು, "ಇದನ್ನ ಏನ್ ಮಾಡೂದೋ ತಿಳೀವಲ್ದು, ನೀವ ಇಟ್ಕೊಳ್ರಿ" ಎಂದರು.

ಈಗ ನಾನು ಗಾಡಿಯಲ್ಲಿ ಒಬ್ಬನೇ ಹೋಗುತ್ತೇನೆ. ಕನ್ನಡಕದ ಕಡ್ಡಿ ಸಡಿಲಾಗಿದೆ. ಅಂಗಡಿಗೆ ಕೊಟ್ಟು ಸರಿ ಮಾಡಿಸಬೇಕೆಂದು ದಿನಾ ಅಂದುಕೊಳ್ಳುತ್ತೇನೆ, ಕೊಡುವುದಿಲ್ಲ. ಮೇಲೆ ಬೇರೆಯವರು ಬಾಡಿಗೆಗೆ ಬಂದಿದ್ದಾರೆ. ಸಂಜೆ ಅವರ ಟೀವಿ ಕೇಳುತ್ತದೆ.

ಮೊನ್ನೆ ಒಂದು ರಜೆಯ ದಿನ ಮಧ್ಯಾಹ್ನ ದಿನೇಶ ನಮ್ಮ ಬಾಗಿಲಲ್ಲಿ ನಿಂತಿದ್ದ. ಮುಲುಂಡ್‌ನಿಂದ ಬಸ್ಸು ಹಿಡಿದು ಬಂದಿದ್ದನಂತೆ. ಅವ್ವ ನೀರು ಕೊಟ್ಟಳು. ಲೋಟ ಹಿಡಿದುಕೊಂಡು ಬಹಳ ಹೊತ್ತು ಗೋಡೆಯ ಮೇಲಿನ ನನ್ನ ಸರ್ಟಿಫಿಕೇಟ್ ನೋಡುತ್ತಿದ್ದ.

"ಎರಡನೇದು ಕೇಳ್ಲಿಲ್ಲ ನಾನು," ಎಂದ. "ನನ್ನ ಹತ್ರ ಉಂಟು, ಮನೆಯಲ್ಲೇ ಉಂಟು. ನೀನೊಬ್ಬನೇ ಬಾ ಅಂತ ಹೇಳಿದ್ದೆ ಅವನಿಗೆ. ಅವನು ಬಂದೇಬಿಟ್ಟ. ಇನ್ನು ನಾನಿಲ್ಲದ್ದನ್ನು ನಾನು ಎಂಥದ್ದಕ್ಕೆ ಕೇಳುವುದು ಅಂತ. ಈಗ ಮನೆಯಲ್ಲಿ ಒಬ್ಬನೇ ಹಾಕಿ ಕೂರ್ಲಿಕ್ಕೆ ಆಗುದಿಲ್ಲ."

ಮಂಚದ ಕೆಳಗಿನಿಂದ ಖೋಕೆ ಎಳೆದು ಅವನ ಕೈಗೆ ಕೊಟ್ಟೆ, ಅವನು ಕೂತು ತೊಡೆಯ ಮೇಲಿಟ್ಟುಕೊಂಡ. ಒಂದು ಆಲ್ಬಮ್ ಒಡೆದು ಎರಡನೇ ಡಿಸ್ಕು ಹಾಕಿದೆ. ಖೋಕೆ ಅವನ ತೊಡೆಯ ಮೇಲೆಯೇ ಉಳಿಯಿತು. ಆ ದಿನ ಬ್ಲಾಕ್ ಇರಲಿಲ್ಲ. ಗಾಡಿ ಬಂದಾಗಲೆಲ್ಲ ಹಾಡು ಮುಳುಗುತ್ತಿತ್ತು, ಅವನು ಪ್ಲೇಯರಿನ ಕಡೆ ಬಾಗುತ್ತಿದ್ದ.

"ಈ ತಾಳ ಯಾರದ್ದು?"

"ನಂದು," ಎಂದಳು ಅವ್ವ.

"ನನ್ನ ಕೆಲಸ ತೆಕ್ಕೊಂಡ್ರಿ ಕಾಕೂ."

"ನೀ ಬಿಟ್ಟ ಹೋದ ಮ್ಯಾಲ ಯಾರರ ಮಾಡಬೇಕಲ್ಲೋ ತಮ್ಮಾ."

ಅವನು ನಗಲು ನೋಡಿದ. ಕೊನೆಯ ಹಾಡು ಶುರುವಾಯಿತು. ಗಿಟಾರು ನಿಂತ ಜಾಗ ಬಂತು. "ಇಲ್ಲಿ ಏನೋ ದೋಷ ಐತಿ ಅಂತ ಬರೆದಿದ್ರು" ಎಂದು ನಾನು ಹೇಳುತ್ತಿದ್ದೆ. ದಿನೇಶ ಕೈ ಎತ್ತಿ ನನ್ನನ್ನು ತಡೆದ. ಹಾಡು ಮುಗಿಯುವವರೆಗೆ ಆ ಕೈ ಹಾಗೇ ಇತ್ತು.

ಆಮೇಲೆ ಖೋಕೆಯನ್ನು ಬದಿಗಿಟ್ಟು ತಾನೇ ಎದ್ದ. ಪ್ಲೇಯರಿನ ಹತ್ತಿರ ಹೋಗಿ, ಗುಂಡಿ ಹುಡುಕಿ, ಅದೇ ಹಾಡನ್ನು ಮೊದಲಿನಿಂದ ಹಾಕಿದ. ಬಂದು ಕೂತು ಖೋಕೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ. ಅದೇ ಜಾಗದಲ್ಲಿ ಗಿಟಾರು ನಿಂತಿತು. ದಿನೇಶ ಖೋಕೆಯ ಮೇಲೆ ಬೆರಳುಗಳಿಂದ ತಾಳ ಬಾರಿಸತೊಡಗಿದ, ಒಳಗಿನ ಡಿಸ್ಕುಗಳು ಸಣ್ಣಗೆ ಗಲಗುಟ್ಟಿದವು. ಅವನು ಯಾವುದನ್ನೂ ನೆನಪು ಮಾಡಿಕೊಳ್ಳುವಂತೆ ಕಾಣಲಿಲ್ಲ. ಕೈ ತನ್ನಷ್ಟಕ್ಕೆ ಹೋಗಿ, ಒಂದು ಕಡೆ ತಿರುಗಿ, ಇಳಿದು, ನಿಂತಿತು.

ಅವನ ಕೈ ನಿಂತ ಕೂಡಲೇ ಅಣ್ಣನ ಗಿಟಾರು ಬಂತು.